ಫಾರ್ಮ್ಯಾಟ್ ಮಾಡಿಸದೆ ಫಾಂಟ್ ಸರಿಪಡಿಸಿದ ನನ್ನ ಅನುಭವ

ಒಂದೇ ಕಡತದೊಳಗೆ ಕನ್ನಡವು ಮೂರು ಬಗೆಯ ಅಕ್ಷರಗಳಲ್ಲಿ ಕಾಣುವುದು, ಸೈಜನ್ನು 14ಕ್ಕೆ ಏರಿಸಿದರೆ ಇಂಗ್ಲಿಷ್ ಪದಗಳಷ್ಟೇ ದೊಡ್ಡವಾಗಿ ಕನ್ನಡ ಇದ್ದಲ್ಲೇ ಇರುವುದು, ನಮ್ಮಲ್ಲಿ ಸರಿಯಾಗಿದ್ದ ಪುಟ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದೊಡನೆ ತುಂಗಾ ಫಾಂಟಿಗೆ ಹೊರಳಿ ಪುಟಸಂಖ್ಯೆಯೇ ಏರುಪೇರಾಗುವುದು, ಇವೆಲ್ಲ ಮನೆಯಲ್ಲಿ ಕುಳಿತು ಕನ್ನಡ ಡಿಟಿಪಿ, ಅಂದರೆ ಪುಸ್ತಕದ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ, ಮಾಡುವವರಿಗೆ ಹೊಸ ಸಂಗತಿಗಳಲ್ಲ. ಇದಕ್ಕೆ ನಮ್ಮ ವೃತ್ತಿಯವರು ಹೇಳುವ ಮದ್ದು ಸಾಮಾನ್ಯವಾಗಿ ಒಂದೇ: ಫಾಂಟ್ ತೆಗೆದು ಮತ್ತೆ ಹಾಕಿ, ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ. ಕಡತದೊಳಗೆ ಕನ್ನಡದ ಫಾಂಟಿನ ಹೆಸರಿಗೆಂದೇ ಬೇರೊಂದು ಖಾನೆ ಇರುತ್ತದೆ, ಕಾಯಿಲೆ ಇರುವುದು ಆ ಖಾನೆಯಲ್ಲಿ ಎಂದು ನಾನು ವಾದಿಸಿದಾಗ ಸ್ನೇಹಿತರು ನಂಬಲಿಲ್ಲ. ಕೆಲವರು ಎದುರಿಗೇ ನಕ್ಕರು. ಅದೇ ಸ್ನೇಹಿತರು ಈಗ ತಮ್ಮ ಕಡತಗಳನ್ನು ನನಗೆ ಕಳುಹಿಸುತ್ತಿರುವುದರಿಂದ, ನಾನು ಮಾಡಿದ್ದನ್ನು ಬರೆದಿಡುವುದು ಒಳ್ಳೆಯದೆಂದು ತೋರಿತು. ನುಡಿ, ಬರಹ ಎಂಬವು ಕನ್ನಡ ಟೈಪು ಮಾಡುವ ತಂತ್ರಾಂಶಗಳು. ಅವುಗಳ ಹಳೆಯ ಆಸ್ಕಿ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಲಾಗಿತ್ತು, ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ.

ನನ್ನ ಕೈಗೆ ಬಂದಿದ್ದು ಸುಮಾರು ನಾನೂರು ಪುಟಗಳ ಒಂದು ಹಸ್ತಪ್ರತಿ. ಲೇಖಕರು ಅದನ್ನು ಹತ್ತು ಹನ್ನೆರಡು ವರ್ಷಗಳ ಅವಧಿಯಲ್ಲಿ ಬರೆದಿದ್ದರು. ಮೊದಲ ಅಧ್ಯಾಯಗಳು ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿದ್ದವು, ನಡುವಿನವು ಯಾರೋ ಯೂನಿಕೋಡಿಗೆ ಪರಿವರ್ತಿಸಿ ಕೊಟ್ಟವು, ಕೊನೆಯವು ಮೊಬೈಲಿನಲ್ಲಿ ಟೈಪು ಮಾಡಿ ಅಂಟಿಸಿದವು. ನನ್ನದು ಆಗ ನಾಲ್ಕು ಜಿಬಿ ಮೆಮೊರಿಯಿದ್ದ ಹಳೆಯ ಕಂಪ್ಯೂಟರ್. ಅದರಲ್ಲಿ ಒಂದು ಕಡೆ ವಿಂಡೋಸ್ 10 ಮತ್ತು ವರ್ಡ್, ಇನ್ನೊಂದು ಕಡೆ ಉಬುಂಟು ಎಂಬ ಲಿನಕ್ಸ್ ಮತ್ತು ವರ್ಡಿನಂಥದೇ ಕೆಲಸ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಇವೆ.

ಮೊದಲು ಹಣ ಹಾಳಾದ ಕಥೆಯನ್ನು ಹೇಳಿಬಿಡುತ್ತೇನೆ. ರಿಪೇರಿಯವರೊಬ್ಬರು ಐನೂರೋ ಆರುನೂರೋ ರೂಪಾಯಿ ಪಡೆದು ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು. ಕಡತ ಮೊದಲು ಹೇಗಿತ್ತೋ ಹಾಗೆಯೇ ತೆರೆದುಕೊಂಡಿತು. ಮೇಲಾಗಿ ನಾನು ವರ್ಷಗಟ್ಟಲೆ ಸಂಗ್ರಹಿಸಿದ್ದ ಫಾಂಟುಗಳು ಮಾಯವಾಗಿದ್ದವು. ಬಳಿಕ ಮೆಮೊರಿ ಕಡಿಮೆಯಾಗಿ ಹೀಗಾಗುತ್ತಿದೆ ಎಂಬ ಸಲಹೆ ಬಂದಿತು. ಅದಕ್ಕೆ ಸುಮಾರು ಎರಡು ಸಾವಿರ ಖರ್ಚು ಮಾಡಿದೆ. ಕಡತ ಬೇಗ ತೆರೆಯಿತು, ಅಕ್ಷರಗಳು ಅಷ್ಟೇ ಬೇಗ ಕೆಟ್ಟು ಕಂಡವು. ಮೂರನೆಯದಾಗಿ, ಯಾವ ಕಂಪ್ಯೂಟರಿನಲ್ಲಾದರೂ ಸರಿಯಾಗಿ ಕಾಣುತ್ತವೆ ಎಂಬ ಭರವಸೆಯೊಂದಿಗೆ ಮಾರುವ ಫಾಂಟುಗಳ ಒಂದು ಕಟ್ಟನ್ನು ಎರಡೂವರೆ ಸಾವಿರದ ಆಸುಪಾಸಿನಲ್ಲಿ ಕೊಂಡೆ. ಬಿಚ್ಚಿ ನೋಡಿದರೆ ಅವೆಲ್ಲವೂ ಆಸ್ಕಿ ಫಾಂಟುಗಳು, ಯೂನಿಕೋಡ್ ಪಠ್ಯಕ್ಕೆ ಯಾವ ಪ್ರಯೋಜನಕ್ಕೂ ಬಾರದವು. ಇಡೀ ಹಸ್ತಪ್ರತಿಯಿಂದ ನನಗೆ ಬರಬೇಕಿದ್ದುದು ಎಂಟು ಸಾವಿರದಷ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಣ, ಕೆಲಸ ಶುರುವಾಗುವ ಮುನ್ನವೇ ಕೈಬಿಟ್ಟಿತ್ತು. ಇನ್ನು ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದೆಂದು ತೀರ್ಮಾನಿಸಿದ ಮೇಲೆಯೇ ಕಡತವನ್ನು ಸರಿಯಾಗಿ ಪರೀಕ್ಷಿಸಲು ಕುಳಿತೆ.

ಕೆಟ್ಟು ಕಾಣುವ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸುವುದು ನನ್ನ ಮೊದಲ ಪರೀಕ್ಷೆ. ಇದಕ್ಕೆ ಬೇರೆ ಯಾವ ಸಾಧನವೂ ಬೇಕಿಲ್ಲ. ‘ಕನ್ನಡ’ ಎಂದಿರಬೇಕಾದಲ್ಲಿ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಇರುವ ಎ, ಅದರ ಪಕ್ಕದಲ್ಲಿ ಪೌಂಡ್ ನಾಣ್ಯದ ಗುರುತು ಕಂಡರೆ ಅದು ನುಡಿಯ ಆಸ್ಕಿ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಸರಿಯಾದ ಕನ್ನಡವೇ ಕಂಡರೆ ಪಠ್ಯ ಆರೋಗ್ಯವಾಗಿದೆ, ಕಡತದ ಅಲಂಕಾರದಲ್ಲಿ ದೋಷವಿದೆ ಎಂದು ಅರ್ಥ. ಅಲ್ಲೂ ಚೌಕ ಡಬ್ಬಿಗಳೇ ಕಂಡರೆ ಕನ್ನಡ ಇರುವ ಫಾಂಟ್ ಕಂಪ್ಯೂಟರಿನಲ್ಲೇ ಇಲ್ಲ, ಅಥವಾ ಪಠ್ಯವೇ ಹಾಳಾಗಿದೆ. ಒತ್ತಕ್ಷರಗಳು ಒಡೆದು, ಅರ್ಧಾಕ್ಷರದ ಮುಂದೆ ಇಡೀ ವ್ಯಂಜನ ಬಂದು ನಿಂತಿದ್ದರೆ ಅಕ್ಷರ ಜೋಡಿಸುವ ತಂತ್ರಾಂಶ ಹಳೆಯದು. ಈ ಕೊನೆಯ ತೊಂದರೆ ಈಚೆಗೆ ಅಪರೂಪ. 2017ರಲ್ಲಿ ಬಂದ 5.3ನೆಯ ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲೆಡೆಯೂ ಹಾರ್ಫ್‌ಬಝ್ ಎಂಬ ಒಂದೇ ಜೋಡಣಾ ತಂತ್ರಾಂಶವನ್ನು ಬಳಸುತ್ತಿರುವುದರಿಂದ, ವಿಂಡೋಸಿನಲ್ಲೂ ಉಬುಂಟುವಿನಲ್ಲೂ ಒತ್ತಕ್ಷರಗಳು ಒಂದೇ ರೀತಿ ಕೂರುತ್ತವೆ. ನಾನು ಈ ಕೆಲಸವನ್ನು ಲಿಬ್ರೆಆಫೀಸಿನಲ್ಲಿ ಮಾಡಲು ಇದೇ ಮುಖ್ಯ ಕಾರಣ.

ನೋಟ್‌ಪ್ಯಾಡಿನಲ್ಲಿ ಮೊಬೈಲಿನ ಅಧ್ಯಾಯಗಳು ಅಚ್ಚುಕಟ್ಟಾದ ಕನ್ನಡವಾಗಿಯೇ ಕಂಡವು. ಹಾಗಿದ್ದೂ ವರ್ಡಿನಲ್ಲಿ ಫಾಂಟಿನ ಹೆಸರು ನೋಟೋ ಸೆರಿಫ್ ಕನ್ನಡ ಎಂದು ತೋರಿಸುತ್ತ, ಕಣ್ಣಿಗೆ ತುಂಗಾ ಕಾಣುತ್ತಿತ್ತು. ವರ್ಡ್ ಉಳಿಸುವ ಡಾಕ್ಸ್ ಕಡತ ನಿಜವಾಗಿ ಒಂದು ಜಿಪ್ ಕಟ್ಟು. ಅದರ ನಕಲೊಂದರ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಎಕ್ಸ್‌ಎಮ್‌ಎಲ್ ಕಡತಗಳು ಸಿಗುತ್ತವೆ. ಅಲ್ಲಿ ಪ್ರತಿ ತುಣುಕು ಪಠ್ಯಕ್ಕೂ ಫಾಂಟಿನ ಹೆಸರನ್ನು ಒಂದೇ ಬಾರಿ ಬರೆದಿರುವುದಿಲ್ಲ. ಇಂಗ್ಲಿಷಿಗೆ ಒಂದು, ಚೀನೀ ಮತ್ತು ಜಪಾನೀ ಲಿಪಿಗಳಿಗೆ ಒಂದು, ಕನ್ನಡ ಹಿಂದಿ ಅರಬ್ಬಿಯಂಥ ಸಂಕೀರ್ಣ ಲಿಪಿಗಳಿಗೆ ಸಿಎಸ್ ಎಂಬ ಇನ್ನೊಂದು, ಹೀಗೆ ಬೇರೆ ಬೇರೆ ಖಾನೆಗಳಿವೆ. ಸೈಜಿಗೂ ಹಾಗೆಯೇ ಎರಡು ಖಾನೆಗಳು. ಕೆಟ್ಟ ಭಾಗಗಳಲ್ಲೆಲ್ಲ ನೋಟೋ ಹೆಸರು ಇಂಗ್ಲಿಷ್ ಖಾನೆಯಲ್ಲಿ ಕುಳಿತಿತ್ತು, ಸಿಎಸ್ ಖಾನೆ ಖಾಲಿ ಇತ್ತು. ಖಾಲಿ ಇದ್ದಾಗ ಕಡತದ ಥೀಮ್, ಅಂದರೆ ಅದರ ಮೂಲ ಅಲಂಕಾರದ ಪಟ್ಟಿ, ಏನು ಹೇಳುತ್ತದೋ ಅದೇ ನಡೆಯುತ್ತದೆ. ವರ್ಡಿನ ಮೂಲ ಥೀಮ್ ಕಡತವನ್ನು ತೆರೆದು ನೋಡಿ, ಕನ್ನಡ ಲಿಪಿಯ ಎದುರಿಗೆ ತುಂಗಾ ಎಂದೇ ಬರೆದಿದೆ. ಆದರೆ ವಿಂಡೋಸ್ 10ರಲ್ಲಿ ಕನ್ನಡಕ್ಕೆ ಮೂಲವಾಗಿ ಸಿಗುವುದು ನಿರ್ಮಲಾ ಯುಐ. ತುಂಗಾ ಬೇಕೆಂದರೆ ಕನ್ನಡದ ಪೂರಕ ಫಾಂಟುಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಆದ್ದರಿಂದಲೇ ಒಂದೇ ಕಡತ ಒಬ್ಬರಲ್ಲಿ ತುಂಗಾ, ಇನ್ನೊಬ್ಬರಲ್ಲಿ ನಿರ್ಮಲಾ, ಲಿನಕ್ಸಿನಲ್ಲಿ ಲೋಹಿತ್ ಅಥವಾ ಗುಬ್ಬಿಯಾಗಿ ಕಾಣಿಸಿಕೊಂಡು ಪುಟಗಳ ಲೆಕ್ಕ ತಪ್ಪಿಸುತ್ತದೆ.

ಇದು ತಿಳಿದ ಮೇಲೆ ಹಳೆಯ ಒಗಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ನುಡಿಯ ಆಸ್ಕಿ ಪಠ್ಯ ಕಂಪ್ಯೂಟರಿನ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳಾದ್ದರಿಂದ ಅದು ಇಂಗ್ಲಿಷ್ ಖಾನೆಯ ಫಾಂಟನ್ನು ಕೇಳುತ್ತದೆ. ಯೂನಿಕೋಡ್ ಕನ್ನಡ ಸಿಎಸ್ ಖಾನೆಯನ್ನು ಕೇಳುತ್ತದೆ. ಎರಡೂ ಬೆರೆತ ಪ್ಯಾರಾ ಒಂದಕ್ಕೆ ಒಂದೇ ಫಾಂಟ್ ಹಾಕಲು ಹೋದವರು ಯಾವುದೋ ಒಂದನ್ನು ಕೆಡಿಸಿಯೇ ತೀರುತ್ತಾರೆ. ಹೀಗಾಗಿ ಆಸ್ಕಿಯನ್ನು ಮೊದಲು ಪೂರ್ತಿಯಾಗಿ ಕಡತದಿಂದ ಹೊರಹಾಕಬೇಕು, ಖಾನೆಗಳ ವಿಚಾರ ಆಮೇಲೆ.

ಆಸ್ಕಿಯನ್ನು ಯೂನಿಕೋಡಾಗಿಸುವ ಕನ್ವರ್ಟರುಗಳು ಬೇಕಾದಷ್ಟಿವೆ, ಆದರೆ ಇಡೀ ಅಧ್ಯಾಯವನ್ನು ಅವುಗಳ ಬಾಯಿಗೆ ಕೊಟ್ಟರೆ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ನಾನು ಹುಡುಕು ಮತ್ತು ಬದಲಿಸು ಕಿಟಕಿಯಲ್ಲಿ ಪಠ್ಯವನ್ನು ಖಾಲಿ ಬಿಟ್ಟು, ಫಾರ್ಮ್ಯಾಟ್ ಗುಂಡಿಯಿಂದ ನುಡಿ ಫಾಂಟನ್ನು ಮಾತ್ರ ಕೊಟ್ಟು, ಆ ಫಾಂಟಿನಲ್ಲಿರುವ ತುಣುಕುಗಳನ್ನಷ್ಟೇ ಆರಿಸಿ ಪರಿವರ್ತಿಸಿದೆ. ಇದಕ್ಕೊಂದು ಮ್ಯಾಕ್ರೋ, ಅಂದರೆ ಕೆಲಸವನ್ನು ತಾನೇ ಮಾಡಿ ಮುಗಿಸುವ ಆದೇಶಗಳ ಪಟ್ಟಿ, ಬರೆದುಕೊಂಡಿದ್ದೇನೆ. ಬರೆಯುವವರಿಗೆ ಒಂದು ಎಚ್ಚರಿಕೆ: ಆಸ್ಕಿಯಲ್ಲಿ ‘ಕ್ಕಿ’ ಎಂಬುದು ಮೊದಲು ‘ಕಿ’, ಆಮೇಲೆ ಕ-ಒತ್ತು ಎಂಬ ಕ್ರಮದಲ್ಲಿರುತ್ತದೆ, ಯೂನಿಕೋಡಿನಲ್ಲಾದರೋ ಗುಣಿತದ ಗುರುತು ಕೊನೆಗೆ ಬರುತ್ತದೆ. ಅರ್ಕಾವತ್ತು ಆಸ್ಕಿಯಲ್ಲಿ ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ, ಯೂನಿಕೋಡಿನಲ್ಲಿ ಅಕ್ಷರದ ಮೊದಲು. ಆದ್ದರಿಂದ ಸುಮ್ಮನೆ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತ ಹೋದರೆ ‘ವರ್ಷ’ದಂಥ ಪದಗಳೆಲ್ಲ ಕೆಡುತ್ತವೆ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಬದಲಿಸಬೇಕು ಎಂಬ ನನ್ನ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಅದನ್ನು ಹದಕ್ಕೆ ತರಲು ಬಹಳ ರಾತ್ರಿಗಳು ಹೋಗಿವೆ, ಈಗ ನನ್ನ ಸಂಪಾದನೆಯ ಒಂದು ಭಾಗವೂ ಅದರಿಂದಲೇ ಬರುತ್ತಿದೆ.

ಹಳೆಯ ಅಧ್ಯಾಯಗಳಲ್ಲಿ ಯಾವ ಕನ್ವರ್ಟರಿಗೂ ದಕ್ಕದ ದೋಷವೊಂದಿತ್ತು. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಟೋಕರೆಕ್ಟ್ ಸೌಲಭ್ಯ ತೆರೆದೇ ಇದ್ದುದರಿಂದ, ನುಡಿಯಲ್ಲಿ ‘ಡ’ಕಾರಕ್ಕೆ ಆಧಾರವಾದ ಸಣ್ಣ ಕ್ಯೂ ದೊಡ್ಡ ಕ್ಯೂ ಆಗಿ ‘ಕಿ’ಗೆ ತಿರುಗಿತ್ತು. ಅಂಥ ತಪ್ಪುಗಳು ವಾಕ್ಯದ ಆರಂಭದಲ್ಲಿ ಮಾತ್ರ ಇರುತ್ತವೆ ಎಂಬುದನ್ನು ಗಮನಿಸಿದರೆ ಹುಡುಕುವುದು ಕಷ್ಟವಲ್ಲ. ಆಸ್ಕಿಯಲ್ಲಿ ಟೈಪು ಮಾಡುವವರು ಇನ್ನೂ ಯಾರಾದರೂ ಇದ್ದರೆ ಆಟೋಕರೆಕ್ಟನ್ನು ಈಗಲೇ ಮುಚ್ಚಿಬಿಡಲಿ.

ಆಸ್ಕಿ ಹೋದ ಮೇಲೆ ಉಳಿದ ಕೆಲಸ ಲಿಬ್ರೆಆಫೀಸಿನಲ್ಲಿ ಒಂದು ಸಂಜೆಯದು. ಆಯ್ಕೆಗಳ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಯ ಸೌಲಭ್ಯವನ್ನು ತೆರೆದು ಭಾಷೆಯನ್ನು ಕನ್ನಡಕ್ಕೆ ಇಟ್ಟೆ. ಆಮೇಲೆ ಸಾಲು ಸಾಲಿಗೂ ಅಂಟಿಕೊಂಡಿದ್ದ ನೇರ ಅಲಂಕಾರವನ್ನು ಅಳಿಸಬೇಕಿತ್ತು, ಆದರೆ ಹಾಗೆ ಅಳಿಸಿದರೆ ಲೇಖಕರು ಬೇಕೆಂದೇ ದಪ್ಪ ಮಾಡಿದ ಪದಗಳೂ ತೆಳುವಾಗುತ್ತವೆ. ಅದಕ್ಕೆ ಮೊದಲು ಬೋಲ್ಡ್ ಮತ್ತು ಇಟಾಲಿಕ್ ಇರುವ ಎಡೆಗಳನ್ನೆಲ್ಲ ಹುಡುಕಿಸಿ ಅವಕ್ಕೆ ಕ್ಯಾರೆಕ್ಟರ್ ಸ್ಟೈಲ್, ಅಂದರೆ ಹೆಸರಿಟ್ಟು ಉಳಿಸಿದ ಅಕ್ಷರದ ಅಲಂಕಾರ, ಹಚ್ಚಿದೆ. ಸ್ಟೈಲಿನ ಮೂಲಕ ಬಂದ ದಪ್ಪ ಅಳಿಸುವಿಕೆಗೆ ಸಿಗುವುದಿಲ್ಲ. ನಂತರ ಎಲ್ಲವನ್ನೂ ಆರಿಸಿ ಕಂಟ್ರೋಲ್ ಎಮ್ ಒತ್ತಿ ನೇರ ಅಲಂಕಾರವನ್ನು ಅಳಿಸಿದೆ. ಕೊನೆಗೆ ಪ್ಯಾರಾಗ್ರಾಫ್ ಸ್ಟೈಲಿನ ಫಾಂಟ್ ಪುಟದಲ್ಲಿ ಇಂಗ್ಲಿಷ್ ಖಾನೆಗೂ ಸಂಕೀರ್ಣ ಲಿಪಿಯ ಖಾನೆಗೂ ಬೇರೆ ಬೇರೆಯಾಗಿ ಫಾಂಟ್ ಮತ್ತು ಸೈಜನ್ನು ತುಂಬಿದೆ. ನಾನೂರು ಪುಟಗಳೂ ಒಮ್ಮೆಗೇ ನೋಟೋ ಸೆರಿಫಿಗೆ ಬಂದು ನಿಂತವು. ಡಾಕ್ಸ್ ರೂಪದಲ್ಲಿ ಉಳಿಸಿ ಮತ್ತೆ ಜಿಪ್ ಬಿಚ್ಚಿ ನೋಡಿದೆ, ಸಿಎಸ್ ಖಾನೆ ತುಂಬಿತ್ತು. ನಕ್ಕಿದ್ದವರಲ್ಲಿ ಒಬ್ಬರಿಗೆ ಅದೇ ಕಡತವನ್ನು ಕಳುಹಿಸಿ ಅವರ ವರ್ಡಿನಲ್ಲಿ ತೆರೆಸಿದೆ. ಒಂದು ಪುಟವೂ ಜಾರಲಿಲ್ಲ.

ಈ ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ನೋಟೋ ಕಟ್ಟನ್ನು ಇಳಿಸಿಕೊಂಡರೆ ಅದರಲ್ಲಿ ಅಕ್ಷರದ ದಪ್ಪ ತೆಳುವಿನ ಎಲ್ಲ ತೂಕಗಳೂ ಒಂದರಲ್ಲೇ ಅಡಗಿರುವ ವೇರಿಯಬಲ್ ಫಾಂಟ್ ಒಂದು, ಬಿಡಿಬಿಡಿಯಾದ ಫಾಂಟುಗಳ ಫೋಲ್ಡರ್ ಒಂದು ಇರುತ್ತವೆ. ಎರಡನ್ನೂ ಹಾಕಿದ ಕಂಪ್ಯೂಟರಿನಲ್ಲಿ ಬೋಲ್ಡ್ ಒತ್ತಿದರೆ ಒಮ್ಮೆ ದಪ್ಪ, ಒಮ್ಮೆ ಮಸಿ ಹರಡಿದಂಥ ಹುಸಿದಪ್ಪ ಬರುತ್ತಿತ್ತು. ವೇರಿಯಬಲ್ಲನ್ನು ತೆಗೆದು ಬಿಡಿ ಫಾಂಟುಗಳನ್ನಷ್ಟೇ ಉಳಿಸಿಕೊಂಡ ಮೇಲೆ ಸರಿಹೋಯಿತು. ವಿಂಡೋಸ್ 10ರ 2018ರ ಕೊನೆಯ ಆವೃತ್ತಿಯಿಂದ ಫಾಂಟುಗಳು ಒಬ್ಬ ಬಳಕೆದಾರರ ಫೋಲ್ಡರಿಗೆ ಮಾತ್ರ ಸೇರಬಹುದಾದ್ದರಿಂದ, ಬಲಗುಂಡಿ ಒತ್ತಿ ಎಲ್ಲ ಬಳಕೆದಾರರಿಗೂ ಹಾಕುವ ಆಯ್ಕೆಯನ್ನು ಆರಿಸುವುದು ನನ್ನ ರೂಢಿ. ಇಲ್ಲದಿದ್ದರೆ ಕೆಲವು ತಂತ್ರಾಂಶಗಳಿಗೆ ಫಾಂಟ್ ಕಾಣಿಸುವುದೇ ಇಲ್ಲ. ಸಾಲುಗಳ ಅಂತರವನ್ನು ಒಂದು, ಒಂದೂವರೆ ಎಂದು ಬಿಟ್ಟರೆ ಫಾಂಟ್ ಬದಲಾದಾಗಲೆಲ್ಲ ಎತ್ತರ ಬದಲಾಗುತ್ತದೆ. ನಾನು 12 ಪಾಯಿಂಟಿನ ಅಕ್ಷರಕ್ಕೆ 20 ಪಾಯಿಂಟಿನ ಸ್ಥಿರ ಅಂತರ ಇಟ್ಟೆ. 16ರ ಆಸುಪಾಸಿಗೆ ಇಳಿಸಿ ನೋಡಿದಾಗ ‘ಸ್ತ್ರೀ’ಯಂಥ ಎರಡಂತಸ್ತಿನ ಒತ್ತುಗಳ ಕಾಲು ಕತ್ತರಿಸಿದಂತೆ ಕಂಡಿತು. ‘ರ‍್ಯಾಂಕ್’ ಎಂಬುದರ ಒಳಗಿನ ಕಾಣದ ಜೋಡಕ ಗುರುತು ಎರಡು ಬೇರೆ ಜಾಗಗಳಲ್ಲಿ ಇರಬಹುದಾದ್ದರಿಂದ, ಹುಡುಕಿದರೆ ಅರ್ಧದಷ್ಟು ಮಾತ್ರ ಸಿಗುತ್ತವೆ. ಎಲ್ಲವನ್ನೂ ಒಂದೇ ಬಗೆಗೆ ತರುವ ಉಪಾಯವಿದೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಫಾಂಟನ್ನು ಕಡತದೊಳಗೇ ಹುದುಗಿಸಿ ಕಳುಹಿಸುವ ದಾರಿಯನ್ನು ಹಲವರು ಹೊಗಳುತ್ತಾರೆ. ನೋಟೋದ ಪರವಾನಗಿ ಅದಕ್ಕೆ ಅಡ್ಡಿಯಲ್ಲ, ಪ್ರಯತ್ನಿಸಿಯೂ ನೋಡಿದೆ. ಆದರೆ ಸಿಎಸ್ ಖಾನೆ ಖಾಲಿ ಇರುವ ಕಡತದಲ್ಲಿ ಫಾಂಟ್ ಹುದುಗಿಸಿದರೆ ಕಡತ ಭಾರವಾಗುತ್ತದೆಯೇ ಹೊರತು ಕನ್ನಡ ಅದನ್ನು ಬಳಸುವುದಿಲ್ಲ.

ಅಡಿಟಿಪ್ಪಣಿ, ತಲೆಪಟ್ಟಿ, ಟೆಕ್ಸ್ಟ್ ಬಾಕ್ಸುಗಳಿಗೆ ಬೇರೆ ಸ್ಟೈಲುಗಳಿರುವುದರಿಂದ ಮೇಲಿನ ಕ್ರಮವನ್ನು ಅವುಗಳಿಗೂ ಪ್ರತ್ಯೇಕವಾಗಿ ಮಾಡಬೇಕು. ನಾನೂರು ಪುಟಗಳಲ್ಲಿ ಹೆಚ್ಚು ತಿಣುಕಾಡಿಸಿದ್ದು ಕೋಷ್ಟಕಗಳ ಒಳಗಿನ ಅಕ್ಷರಗಳು. ಈಗ ಹೊಸ ಹಸ್ತಪ್ರತಿ ಬಂದರೆ ದರ ಹೇಳುವ ಮುನ್ನ ಜಿಪ್ ಬಿಚ್ಚಿ ಒಳಗೆ ನೋಡುತ್ತೇನೆ. ಆಸ್ಕಿ ಬೆರೆತಿದ್ದರೆ ಪುಟಕ್ಕೆ ಎಂಟು ಹತ್ತು ರೂಪಾಯಿ ಹೆಚ್ಚು, ಖಾನೆ ಮಾತ್ರ ಖಾಲಿ ಇದ್ದರೆ ಇಡೀ ಕಡತಕ್ಕೆ ಒಂದೇ ಮೊತ್ತ; ಈವರೆಗೆ ಯಾರೂ ಚೌಕಾಸಿ ಮಾಡಿಲ್ಲ.