ಹುಳು ಮೇಯುವ ಸದ್ದಿನಿಂದ ಶುರುವಾದ ಸಂಕಲನ

ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದು ಶಿಡ್ಲಘಟ್ಟದ ಕಡೆಯವರಿಗೆಲ್ಲ ಗೊತ್ತು. ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇರುತ್ತದೆ. ನಾನು ಅದನ್ನು ಕೇಳುತ್ತಲೇ ಬೆಳೆದೆ. ಗೆಳೆಯರು ಸೇರಿ ಸಂಗೀತ ಹೊರತರಲು ನಮ್ಮದೇ ಸಣ್ಣ ಲೇಬಲ್ ಮಾಡಿಕೊಂಡು, ಪ್ರಯೋಗದ ಎಲೆಕ್ಟ್ರಾನಿಕ್ ಸಂಗೀತದ ಒಂದು ಸಂಕಲನ ತರೋಣ ಅಂದುಕೊಂಡಾಗ ನನಗೆ ಮೊದಲು ನೆನಪಾಗಿದ್ದು ಆ ಸದ್ದೇ.

ಈ ಬಗೆಯ ಸಂಗೀತದಲ್ಲಿ ರಾಗ, ತಾಳ, ಸಾಹಿತ್ಯ ಇರಲೇಬೇಕು ಅಂತಿಲ್ಲ. 1948ರಲ್ಲೇ ಪ್ಯಾರಿಸ್‌ನ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ರೆಕಾರ್ಡ್ ಮಾಡಿ, ಆ ತುಣುಕುಗಳನ್ನು ಜೋಡಿಸಿ ಕೃತಿ ಕಟ್ಟಿದ್ದರು. ನಮ್ಮ ದೇಶಕ್ಕೂ ಇದು ಹೊಸದಲ್ಲ. 1969ರಲ್ಲಿ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯ) ಇರುವ ಸ್ಟುಡಿಯೋ ಕಟ್ಟಿಕೊಟ್ಟರು. ಅಲ್ಲಿ ಗೀತಾ ಸಾರಾಭಾಯ್, ಅತುಲ್ ದೇಸಾಯಿ ಮೊದಲಾದವರು ಮಾಡಿದ ಟೇಪುಗಳು ಬಹಳ ಕಾಲ ಯಾರ ಕಿವಿಗೂ ಬೀಳದೆ ಉಳಿದಿದ್ದವು. ಲಂಡನ್ನಿನ ಸಂಗೀತಗಾರ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದರು. 2023ರಲ್ಲಿ ಅವು ಸಂಕಲನವಾಗಿ ಬಂದವು. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಆಗಿದ್ದು ಚಿಕ್ಕಬಳ್ಳಾಪುರದಲ್ಲಿ ಯಾಕೆ ಆಗಬಾರದು ಅನ್ನಿಸಿತು.

ಒಂಬತ್ತು ಜನ ಸೇರಿದೆವು. ಹಾಕಿಕೊಂಡ ನಿಯಮ ಒಂದೇ. ಪ್ರತಿ ಕೃತಿಯಲ್ಲೂ ನಮ್ಮ ಕಡೆ ರೆಕಾರ್ಡ್ ಮಾಡಿದ ಒಂದು ಸದ್ದಾದರೂ ಇರಬೇಕು. ಒಬ್ಬರು ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದನ್ನು ಹಿಡಿದು ತಂದರು. ನಮ್ಮ ಕರೆಂಟ್ 50 ಹರ್ಟ್ಜ್, ಟ್ರಾನ್ಸ್‌ಫಾರ್ಮರ್ ಅದರ ಎರಡರಷ್ಟು, ಅಂದರೆ 100 ಹರ್ಟ್ಜ್‌ನಲ್ಲಿ ಗುಂಯ್‌ಗುಡುತ್ತದೆ. ಕೀಬೋರ್ಡಿನ ಜಿ ಸ್ವರಕ್ಕಿಂತ ಸ್ವಲ್ಪ ಮೇಲೆ. ಅವರು ಸಿಂಥಸೈಜರನ್ನೇ ಆ ಶ್ರುತಿಗೆ ಕೂರಿಸಿಕೊಂಡರು. ಕಂಬದ ಶ್ರುತಿಗೆ ವಾದ್ಯ ಬಗ್ಗಬೇಕೇ ಹೊರತು ಕಂಬ ಬಗ್ಗಲ್ಲ ಅಲ್ವಾ.

ಹುಳುವಿನ ಸದ್ದು ಹಿಡಿಯಲು ನನಗೆ ನಾಲ್ಕು ರಾತ್ರಿ ಬೇಕಾಯಿತು. ಅದು ಬಹಳ ಮೆಲ್ಲನೆಯ ಸದ್ದು. ಮೈಕನ್ನು ದೂರ ಇಟ್ಟು ರೆಕಾರ್ಡರಿನ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಏರಿಸಿದರೆ ಯಂತ್ರದ ಸ್ವಂತ ಹಿಸ್ ಶಬ್ದವೇ ಜಾಸ್ತಿ ಬರುತ್ತದೆ. ಮೊದಲ ಎರಡು ರಾತ್ರಿಯ ರೆಕಾರ್ಡಿಂಗ್ ಹಾಗೇ ಹಾಳಾಯಿತು. ಮೂರನೇ ರಾತ್ರಿ ಪಕ್ಕದ ತೋಟಕ್ಕೆ ತ್ರೀ ಫೇಸ್ ಬಂತು, ಬೋರ್‌ವೆಲ್ ಮೋಟಾರ್ ಬೆಳಗಿನವರೆಗೂ ನಿಲ್ಲಲಿಲ್ಲ. ನಾಲ್ಕನೇ ರಾತ್ರಿ ಊರಿಗೇ ಕರೆಂಟ್ ಇರಲಿಲ್ಲ. ಅಮ್ಮ ಸೊಪ್ಪು ಹಾಕಿ ಹೊರಗೆ ಬಂದರು. ನಾನು ಕೈಕಾಲು ತೊಳೆದು ಒಳಗೆ ಹೋಗಿ, ಮೈಕನ್ನು ಸೊಪ್ಪಿನಿಂದ ಒಂದು ಗೇಣು ಮೇಲೆ ಕಟ್ಟಿ, ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತೆ. ನಲವತ್ತು ನಿಮಿಷ ಸಿಕ್ಕಿತು. ಅದರಲ್ಲಿ ಏಳು ನಿಮಿಷ ಇಟ್ಟುಕೊಂಡೆ. ಯಾವ ಎಫೆಕ್ಟೂ ಹಾಕಲಿಲ್ಲ.

ತಮಟೆಯದು ಇದಕ್ಕೆ ಪೂರ್ತಿ ಉಲ್ಟಾ. ನಮ್ಮ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ವಾದ್ಯಕ್ಕೆ. ನಮಗೆ ನುಡಿಸಿದವರು ಪಕ್ಕದ ಹಳ್ಳಿಯ ಒಬ್ಬ ಹಿರಿಯರು. ಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಕಾಯಿಸಿ ನುಡಿಸಿದರು. ಮೊದಲ ಪೆಟ್ಟಿಗೇ ರೆಕಾರ್ಡಿಂಗ್ ಒಡೆಯಿತು. ಮೈಕ್ ಹತ್ತು ಅಡಿ ಹಿಂದೆ ಹೋಯಿತು, ಗೇನ್ ಅರ್ಧಕ್ಕಿಂತ ಕೆಳಗಿಳಿಯಿತು. ಚರ್ಮ ತಣ್ಣಗಾಗುತ್ತಾ ಬಂದ ಹಾಗೆ ಶ್ರುತಿ ಇಳಿಯುತ್ತದೆ. ಅವರು ಮತ್ತೆ ಕಾಯಿಸಲು ಎದ್ದರು. "ಬೇಡ ತಾತ, ಹಂಗೇ ನುಡಿಸಿ" ಅಂದೆ. ಆ ಇಳಿತವೇ ಈಗ ಕೃತಿಯ ಜೀವ. ಕೂಲಿಯನ್ನು ಅವತ್ತೇ ಕೊಟ್ಟೆವು, ಹೆಸರನ್ನು ಸಂಗೀತಗಾರರ ಸಾಲಿನಲ್ಲೇ ಹಾಕಿದೆವು. ಊರಿನವರ ಸದ್ದನ್ನು ಸುಮ್ನೆ 'ಸ್ಯಾಂಪಲ್' ಅಂತ ಕರೆದು ಹೆಸರು ಬಿಡುವುದು ತಪ್ಪು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ದೊಡ್ಡ ತಪ್ಪು ಮಾಡಿದ್ದು ಕೊನೆಗೆ ಎಲ್ಲ ಕೃತಿಗಳ ಮಟ್ಟ ಹೊಂದಿಸುವ ಮಾಸ್ಟರಿಂಗ್‌ನಲ್ಲಿ. ಒಂಬತ್ತೂ ಕೃತಿಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದುಬಿಟ್ಟೆ. ಆ್ಯಪ್‌ಗಳಲ್ಲಿ ಹಾಡು ಕೇಳುವಾಗ ಒಂದು ಜೋರು ಒಂದು ಮೆಲ್ಲಗೆ ಆಗದಿರಲಿ ಅಂತ ಹಲವರು ಬಳಸುವ ಜೋರಿನ ಅಳತೆ ಅದು. ಅಮ್ಮನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. "ಇದು ಹುಳ ಅಲ್ಲ ಕಣೋ, ಜಡಿಮಳೆ" ಅಂದರು. ಸರಿಯಾಗೇ ಹೇಳಿದ್ದರು. ಹುಳು ತಮಟೆಯಷ್ಟು ಜೋರಾಗಿ ಮೇಯಬಾರದು. ಅದೊಂದನ್ನು 9 ಡೆಸಿಬಲ್ ಇಳಿಸಿದೆ. ಆಮೇಲೆ ಉಳಿದ ಎಂಟನ್ನೂ ಹೊಸದಾಗಿ ಕೇಳಿ, ಮೀಟರ್ ನೋಡದೆ ಕಿವಿಯಿಂದಲೇ ಮಟ್ಟ ಕೂರಿಸಿದೆ.

ಸಂಕಲನವನ್ನು ಕ್ಯಾಸೆಟ್‌ನಲ್ಲೂ ತಂದೆವು, ಅಲ್ಲಿ ಮತ್ತೊಂದು ತೊಡಕು ಬಂತು. ಟೇಪಿಗೇ ಒಂದು ಹಿಸ್ ಇರುತ್ತದೆ, ಹುಳು ಮೇಯುವ ಸದ್ದೂ ಅದೇ ಜಾತಿಯದು. ಅಷ್ಟು ಇಳಿಸಿದರೆ ಹುಳು ಟೇಪಿನೊಳಗೆ ಮುಳುಗಿ ಹೋಗುತ್ತದೆ. ಕ್ಯಾಸೆಟ್‌ಗೆ ಮಾತ್ರ 4 ಡೆಸಿಬಲ್ ಏರಿಸಿ, ಎರಡನೇ ಪಕ್ಕದ ಮೊದಲಿಗೆ ಇಟ್ಟೆವು. ತಮಟೆ ಮೊದಲ ಪಕ್ಕದ ಕೊನೆಗೆ. ಮಧ್ಯೆ ಕ್ಯಾಸೆಟ್ ತಿರುಗಿಸಲೇಬೇಕು, ಅಷ್ಟು ಹೊತ್ತು ಮೌನ. ಆ ಮೌನದಲ್ಲಿ ಕಿವಿ ತಣ್ಣಗಾಗುತ್ತದೆ. ಆಮೇಲೆ ಶುರುವಾಗುವ ಹಿಸ್ ಎಲ್ಲಿ ಟೇಪಿನದು, ಎಲ್ಲಿಂದ ಹುಳುವಿನದು ಅಂತ ಹೇಳುವುದು ಕಷ್ಟ. ಇಡೀ ಸಂಕಲನದಲ್ಲಿ ನನಗೆ ಹೆಚ್ಚು ಇಷ್ಟವಾದ ಜಾಗ ಅದೇ.

ಹೊಸ ಕ್ಯಾಸೆಟ್ ಕೊಳ್ಳಲಿಲ್ಲ. ಹಳೇ ಅಂಗಡಿಯೊಂದರಲ್ಲಿ ರಾಶಿ ಬಿದ್ದಿದ್ದ ಭಕ್ತಿಗೀತೆ ಕ್ಯಾಸೆಟ್‌ಗಳಲ್ಲಿ ಪಕ್ಕಕ್ಕೆ 30 ನಿಮಿಷ ಇದ್ದವನ್ನು ಆರಿಸಿಕೊಂಡೆವು. ಮೇಲಂಚಿನ ಕಿಂಡಿಗೆ ಅಂಟುಪಟ್ಟಿ ಹಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಎರಡು ಡೆಕ್, ಒಂದು ಕ್ಯಾಸೆಟ್‌ಗೆ ಒಂದು ಗಂಟೆ. ಐವತ್ತು ಕ್ಯಾಸೆಟ್‌ಗೆ 25 ಗಂಟೆ. ಏಳರಲ್ಲಿ ಹಳೇ ಹಾಡು ಅಡಿಯಲ್ಲಿ ಮಸುಕಾಗಿ ಉಳಿದಿತ್ತು. ಒಂದು ಡೆಕ್ಕಿನ ಅಳಿಸುವ ಹೆಡ್ ಕೊಳೆಯಾಗಿತ್ತು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಏಳನ್ನೂ ಮತ್ತೆ ಮಾಡಿದೆವು.

ಡಿಜಿಟಲ್ ಪ್ರತಿ, ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿದೆ. ಅವರು ಮಾರಾಟದಲ್ಲಿ 15% ಹಿಡಿದುಕೊಳ್ಳುತ್ತಾರೆ, ಪಾವತಿಯ ಖರ್ಚು ಬೇರೆ. ಉಳಿದಿದ್ದನ್ನು ಹತ್ತು ಪಾಲು ಮಾಡಿದೆವು. ಹತ್ತನೆಯದು ತಮಟೆ ತಾತನದು. ಹಕ್ಕು ಮಾಡಿದವರದೇ, ನಾಳೆ ಬೇರೆ ಕಡೆ ಕೊಡಬಹುದು ಅಂತ ಒಂದೇ ಪುಟದ ಕರಾರು ಕನ್ನಡದಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು.

ಕ್ಯಾಸೆಟ್ ಕೊಡಲು ಹೋದಾಗ ತಾತನ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಮತ್ತೊಂದು ಸಲ ಹೋಗಿ ಪೆನ್ ಡ್ರೈವಿಗೆ ಹಾಕಿಕೊಟ್ಟೆ. ಮೊಮ್ಮಗನ ಟ್ರ್ಯಾಕ್ಟರಿನಲ್ಲಿ ಕೂತು ಪೂರ್ತಿ ಕೇಳಿದರು. ಎರಡನೇ ಸಂಕಲನಕ್ಕೆ ಬೇಸಿಗೆಯ ಬದಲು ಮಳೆಗಾಲದಲ್ಲಿ ಬನ್ನಿ, ಆಗ ಚರ್ಮ ಬೇಗ ಇಳಿಯುತ್ತೆ ಅಂದರು. ಜೂನ್‌ನಲ್ಲಿ ಹೋಗುತ್ತಿದ್ದೇವೆ.