ಅಪ್ಪ ಡ್ಯೂಟಿಗೆ ಹೋದಾಗ ನಾವು ದಿನ ಎಣಿಸಿದ್ದು ಹೇಗೆ

ಸೇನೆಯ ಬೇಸ್ ಒಳಗಿನ ಕ್ವಾರ್ಟರ್ಸ್‌ಗೆ ಬಂದಾಗ ಮಗಳಿಗೆ 4 ವರ್ಷ, ಮಗನಿಗೆ 1 ವರ್ಷ. ಎರಡು ತಿಂಗಳಿಗೇ ನಮ್ಮನೆಯವರು ಯೂನಿಟ್ ಜೊತೆ ಹೊರಟರು. ಎಲ್ಲಿಗೆ ಅಂತ ಮಕ್ಕಳಿಗೆ ಹೇಳುವ ಹಾಗಿಲ್ಲ. ವಾಪಸ್ ಯಾವಾಗ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ, ಸುಮಾರು ಆರು ತಿಂಗಳು ಅಂದಿದ್ದರು ಅಷ್ಟೇ.

ಎಷ್ಟೋ ಮನೆಗಳಲ್ಲಿ ಮಾಡುವ ಉಪಾಯವನ್ನೇ ನಾನೂ ಮಾಡಿದೆ. ಬಣ್ಣದ ಕಾಗದದ ಸರಪಳಿ. ದಿನಕ್ಕೊಂದು ಕೊಂಡಿಯಂತೆ 180 ಕೊಂಡಿ ಅಂಟಿಸಿ ಗೋಡೆಗೆ ತೂಗುಹಾಕಿದೆವು. ರಾತ್ರಿ ಮಲಗುವ ಮುಂಚೆ ಒಂದು ಕೊಂಡಿ ಹರಿಯಬೇಕು, ಕೊನೆಯದು ಹರಿದ ದಿನ ಅಪ್ಪ ಬರುತ್ತಾರೆ. ಮಗಳು ಒಂದು ದಿನವೂ ಮರೆಯಲಿಲ್ಲ. ಇನ್ನು ಹತ್ತೇ ಕೊಂಡಿ ಇದ್ದಾಗ ಫೋನ್ ಬಂತು, ವಾಪಸ್ ಬರುವುದು ಮುಂದಕ್ಕೆ ಹೋಗಿದೆ, ಹೊಸ ತಾರೀಖು ಇಲ್ಲ.

ಆ ರಾತ್ರಿ ನಾನು ಮಾಡಿದ್ದು ತಪ್ಪು. ಅವಳು ಮಲಗಿದ ಮೇಲೆ ಸುಮ್ನೆ ಇನ್ನಷ್ಟು ಕೊಂಡಿ ಅಂಟಿಸಿದೆ. ಬೆಳಗ್ಗೆ ಎದ್ದು ನೋಡಿದವಳೇ "ಅಮ್ಮ, ನಿನ್ನೆ ಹತ್ತೇ ಇತ್ತು" ಅಂದಳು. ಸರಪಳಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಯಿತು. ಅವಳ ಮುಂದೆ ಕೂತು, ಕೊಂಡಿ ಸೇರಿಸಿದ್ದು ನಾನೇ, ಅಪ್ಪ ಬರುವ ದಿನ ನನಗೂ ಗೊತ್ತಿಲ್ಲ ಅಂತ ಹೇಳಿದೆ. ಅತ್ತಳು. ಆದರೆ ಅದಾದ ಮೇಲೆ ಸ್ವಲ್ಪ ಹಗುರವಾದಳು.

ಆಮೇಲೆ ನನಗೆ ಹೊಳೆದಿದ್ದು ಇಷ್ಟು. ಈ ವಯಸ್ಸಿನ ಮಕ್ಕಳಿಗೆ ಮುಂದಿನ ವಾರ, ಮುಂದಿನ ತಿಂಗಳು ಎಲ್ಲ ಒಂದೇ. ಕೈಗೆ ಸಿಗುವುದು, ಕಣ್ಣಿಗೆ ಕಾಣುವುದು ಮಾತ್ರ ಅರ್ಥವಾಗುತ್ತದೆ. ಹಾಗಾಗಿ ಎಣಿಸುವುದು ಒಳ್ಳೆಯದೇ, ಆದರೆ ಉಳಿದ ದಿನ ಎಣಿಸಬಾರದು, ಕಳೆದ ದಿನ ಎಣಿಸಬೇಕು. ಕಳೆದ ದಿನವನ್ನು ಯಾರ ಫೋನೂ ಬದಲಾಯಿಸುವುದಿಲ್ಲ, ಅಲ್ವಾ?

ಒಂದು ದೊಡ್ಡ ಗಾಜಿನ ಡಬ್ಬಿ ತೆಗೆದುಕೊಂಡೆವು. ದಿನಕ್ಕೊಂದು ಕಲ್ಲು. ಹಿಂದಿನ 170 ದಿನದ ಕಲ್ಲೂ ಬೇಕು ಅಂತ ಅವಳೇ ಹಠ ಹಿಡಿದಳು, ಎರಡು ದಿನ ಕ್ವಾರ್ಟರ್ಸ್ ಹಿಂದೆ ಕೂತು ಆರಿಸಿದೆವು. (ಪುಟ್ಟ ಮಕ್ಕಳಿರುವ ಮನೆಯವರು ಗಮನಿಸಿ, ಸಣ್ಣ ಕಲ್ಲು ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಡಬ್ಬಿಗೆ ಬಿಗಿ ಮುಚ್ಚಳ ಇತ್ತು, ಮಗನ ಕೈಗೆ ಸಿಗದಷ್ಟು ಎತ್ತರದಲ್ಲಿತ್ತು.) ಕಲ್ಲು ಹಾಕುವ ಹೊತ್ತು ಸಂಜೆಯ ಬ್ಯೂಗಲ್. ನಮ್ಮ ಬೇಸ್‌ನಲ್ಲಿ ಸೂರ್ಯ ಮುಳುಗುವಾಗ ಧ್ವಜ ಇಳಿಸುತ್ತಾರೆ, ಹೊರಗಿದ್ದವರೆಲ್ಲ ಇದ್ದಲ್ಲೇ ನಿಲ್ಲುತ್ತಾರೆ, ಆಡುತ್ತಿದ್ದ ಮಕ್ಕಳೂ ನಿಲ್ಲುತ್ತಾರೆ, ಒಂದು ನಿಮಿಷ ಇಡೀ ಬೀದಿ ಸುಮ್ಮನಾಗುತ್ತದೆ. ಗಡಿಯಾರ ನೋಡಲು ಬಾರದ ಮಗುವಿಗೆ ಅದಕ್ಕಿಂತ ಒಳ್ಳೆಯ ಗುರುತು ಇನ್ನೇನು ಬೇಕು!

ಕಲ್ಲು ಹಾಕುವಾಗ ಅವಳು ಆ ದಿನದ ಒಂದು ಮಾತು ಹೇಳಬೇಕು, ನಾನು ಚೀಟಿಯಲ್ಲಿ ಬರೆದಿಡುತ್ತಿದ್ದೆ. "ಇವತ್ತು ನಾನೇ ಶೂ ಹಾಕಿಕೊಂಡೆ." "ತಮ್ಮ ನನ್ನ ಕೂದಲು ಎಳೆದ." ಇದರ ನಿಜವಾದ ಉಪಯೋಗ ಗೊತ್ತಾಗಿದ್ದು ಫೋನಿನಲ್ಲಿ. ಮುಂಚೆ ಅಪ್ಪ "ಏನು ಮಾಡಿದೆ ಪುಟ್ಟಿ?" ಅಂದರೆ "ಏನಿಲ್ಲ" ಅಂತ ಓಡಿಹೋಗುತ್ತಿದ್ದಳು. ಈಗ ನಾನು ಒಂದೊಂದು ಚೀಟಿ ಓದಿಕೊಟ್ಟರೆ ಸಾಕು, ಹತ್ತು ನಿಮಿಷ ಮಾತಾಡುತ್ತಿದ್ದಳು.

ಇನ್ನೊಂದು ಮುಖ್ಯ ವಿಷಯ. ಚಿಕ್ಕ ಮಕ್ಕಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನಿಲ್ಲಬೇಕು ಅಂತ ನಿರೀಕ್ಷಿಸುವುದೂ ತಪ್ಪು. ಹಾಗಾಗಿ ಗುಟ್ಟನ್ನೇ ಕೊಡಲಿಲ್ಲ. ಯಾರು ಕೇಳಿದರೂ "ಅಪ್ಪ ಡ್ಯೂಟಿಯಲ್ಲಿದ್ದಾರೆ" ಅಂತ ಒಂದೇ ಉತ್ತರ ಕಲಿಸಿದೆ.

ಶಬ್ದದ ಕಾಟ ಇದ್ದೇ ಇತ್ತು. ರಾತ್ರಿ ಹೆಲಿಕಾಪ್ಟರ್ ಹಾರಿದರೆ ಮಗ ಬೆಚ್ಚಿ ಏಳುತ್ತಿದ್ದ. 3ರಿಂದ 5 ವರ್ಷದವರಿಗೇ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಇವನಿಗೆ ಇನ್ನೂ ಜಾಸ್ತಿ. ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಮಧ್ಯಾಹ್ನ ಎಲ್ಲ ಕೆಲಸ ಬಿಟ್ಟು ಮಲಗಿಸುತ್ತಿದ್ದೆ. ಹಗಲಲ್ಲಿ ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋಗಿ ಹಾರುವುದನ್ನು ತೋರಿಸಿದೆ. ಸದ್ದು ಎಲ್ಲಿಂದ ಬರುತ್ತದೆ ಅಂತ ಕಂಡ ಮೇಲೆ ಹೆದರಿಕೆ ಕಡಿಮೆಯಾಯಿತು.

ಅವರು 212ನೇ ಕಲ್ಲಿನ ದಿನ ಬಂದರು. ಮಗನಿಗೆ ಆಗ 21 ತಿಂಗಳು. ಅಪ್ಪನನ್ನು ನೋಡಿ ನನ್ನ ಕಾಲ ಹಿಂದೆ ಅಡಗಿದ. ಹೀಗಾಗಬಹುದು ಅಂತ ನಾನು ಫೋನಿನಲ್ಲೇ ಹೇಳಿದ್ದೆ, ಆದರೂ ಅವರ ಮುಖ ನೋಡಲಾಗಲಿಲ್ಲ. ಎತ್ತಿಕೊಳ್ಳಲು ಹೋಗಬೇಡಿ, ನೆಲದ ಮೇಲೆ ಸುಮ್ಮನೆ ಕೂತಿರಿ ಅಂದೆ. ಅವರು ದಿನಾ ಕೂತು ಒಬ್ಬರೇ ಬ್ಲಾಕ್ಸ್ ಜೋಡಿಸುತ್ತಿದ್ದರು. ಸ್ನಾನ ಮಾಡಿಸುವುದು, ಮಲಗಿಸುವುದು ಮೊದಲ ವಾರ ನನ್ನದೇ ಕೆಲಸ. ಐದನೇ ದಿನ ಮಗ ತಾನೇ ಬಂದು, ತನ್ನ ಒಂದು ಶೂ ತಂದು ಅವರ ತೊಡೆಯ ಮೇಲಿಟ್ಟ, ಹಾಕು ಅನ್ನುವ ಹಾಗೆ.

ಮಗಳದ್ದು ಬೇರೆ ಥರ. ಅವಳಿಗೆ ಸಿಟ್ಟು. ಡಬ್ಬಿ ಮುಟ್ಟಲು ಬಿಡಲಿಲ್ಲ. ನಾನು ಬಲವಂತ ಮಾಡಲಿಲ್ಲ. ಸುಮಾರು ಎರಡು ವಾರ ಆದ ಮೇಲೆ ಒಂದು ಸಂಜೆ ಬ್ಯೂಗಲ್ ಮುಗಿದ ತಕ್ಷಣ ಡಬ್ಬಿ ಕೆಳಗಿಳಿಸಿಕೊಡು ಅಂದಳು, ಅಪ್ಪನ ಮುಂದೆ ಎಲ್ಲ ಸುರಿದಳು. ಇಬ್ಬರೂ ಎಣಿಸಲು ಕೂತರು, ಲೆಕ್ಕ ತಪ್ಪುತ್ತಲೇ ಇತ್ತು, ಮತ್ತೆ ಮತ್ತೆ ಮೊದಲಿಂದ ಶುರು ಮಾಡಿದರು. ಊಟಕ್ಕೆ ಕರೆಯದೆ ಬಿಟ್ಟೆ.

ಈಗ ಮುಂದಿನ ಪೋಸ್ಟಿಂಗ್ ಬಂದಿದೆ, ಮನೆ ತುಂಬ ಪೆಟ್ಟಿಗೆಗಳು. ಡಬ್ಬಿ ತೊಳೆದು ಒಣಗಿಸಿ ಮಕ್ಕಳ ಪೆಟ್ಟಿಗೆಯಲ್ಲಿ ಮೇಲೆಯೇ ಇಟ್ಟಿದ್ದೇನೆ. ಆ ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ ಕಟ್ಟುತ್ತೇವೆ, ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬಿಚ್ಚುತ್ತೇವೆ.