ಕ್ರೀಟ್ ದ್ವೀಪಕ್ಕೆ ಹೊರಟ ಕರಾವಳಿಯವರಿಗೆ: ಮ್ಯೂಸಿಯಂ ಯಾವ ಹೊತ್ತಿಗೆ, ಕಡಲು ಯಾವ ಹೊತ್ತಿಗೆ

ಪಣಂಬೂರು, ಮಲ್ಪೆ, ಉಳ್ಳಾಲದ ಕಡಲು ನೋಡುತ್ತ ಬೆಳೆದವರು ಗ್ರೀಸಿನ ದ್ವೀಪಕ್ಕೆ ಹೋದರೆ ಎಡವುವುದು ಕಡಲಿನ ವಿಷಯದಲ್ಲೇ. ನಮ್ಮ ಲೆಕ್ಕವೆಲ್ಲ ಮಳೆಗಾಲ, ಉಬ್ಬರ ಇಳಿತದ ಮೇಲೆ ನಿಂತಿದೆ. ಅಲ್ಲಿ ನೋಡಬೇಕಾದದ್ದು ಗಾಳಿ ಮತ್ತು ಬಿಸಿಲನ್ನು. ಇವೆರಡಕ್ಕೆ ಹೊಂದಿಸಿ ದಿನವನ್ನು ಹಂಚಿಕೊಂಡರೆ ಮ್ಯೂಸಿಯಂ, ಹಳೆಯ ಅರಮನೆ, ಕಡಲು ಮೂರೂ ಸಿಗುತ್ತವೆ. ಹಂಚಿಕೊಳ್ಳದಿದ್ದರೆ ನಡು ಮಧ್ಯಾಹ್ನ ಅರಮನೆಯ ಕಲ್ಲಿನ ಮೇಲೆ ಬೇಯುವುದು, ಸಂಜೆ ಸುಸ್ತಾಗಿ ಹೋಟೆಲಿನಲ್ಲಿ ಮಲಗುವುದು, ಇಷ್ಟೇ.

ಇಲ್ಲಿ ಕ್ರೀಟನ್ನೇ ಆರಿಸಿಕೊಳ್ಳಲು ಕಾರಣವಿದೆ. ಸ್ಯಾಂಟೊರಿನಿಯ ಬಿಳಿ ಮನೆಗಳ ಫೋಟೊ ಎಲ್ಲರೂ ನೋಡಿದ್ದಾರೆ, ಆದರೆ ಒಳ್ಳೆಯ ಮ್ಯೂಸಿಯಂ ಮತ್ತು ಈಜಲು ಹೊಯ್ಗೆಯ ತೀರ ಎರಡೂ ಬೇಕೆನ್ನುವ ಕುಟುಂಬಕ್ಕೆ ಕ್ರೀಟ್ ಹೆಚ್ಚು ಸರಿ. ಕನಿಷ್ಠ 7 ರಾತ್ರಿ ಇಟ್ಟುಕೊಳ್ಳಿ: 3 ದ್ವೀಪದ ಮುಖ್ಯ ಪಟ್ಟಣ ಹೆರಾಕ್ಲಿಯನ್‌ನಲ್ಲಿ, 4 ಪಶ್ಚಿಮದ ಹನ್ಯಾ ಊರಿನಲ್ಲಿ. ಎರಡರ ನಡುವೆ ಸುಮಾರು 140 ಕಿ.ಮೀ., ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ.

ಯಾವಾಗ ಹೋಗಬೇಕು

ನಮ್ಮ ಮಕ್ಕಳ ಬೇಸಗೆ ರಜೆ ಏಪ್ರಿಲ್–ಮೇ. ಏಪ್ರಿಲ್‌ನಲ್ಲಿ ಅಲ್ಲಿ ಹೂವು ಅರಳಿರುತ್ತದೆ, ಅರಮನೆಗಳಲ್ಲಿ ಜನ ಕಡಿಮೆ. ಆದರೆ ಕಡಲ ನೀರು 17 ಡಿಗ್ರಿಯ ಆಸುಪಾಸು. 28–30 ಡಿಗ್ರಿಯ ಅರಬ್ಬೀ ಕಡಲಿಗೆ ಒಗ್ಗಿದ ಮೈಗೆ ಅದು ಮೊಣಕಾಲು ಮುಳುಗುವಷ್ಟರಲ್ಲೇ ಸಾಕೆನಿಸುತ್ತದೆ. ಮೇ ಕೊನೆಗೂ 20ರ ಮೇಲೆ ಹೆಚ್ಚೇನೂ ಏರುವುದಿಲ್ಲ. ಜುಲೈ–ಆಗಸ್ಟ್‌ನಲ್ಲಿ 25 ಡಿಗ್ರಿ ದಾಟುತ್ತದೆ, ಆದರೆ ಆಗ ಮೆಲ್ಟೆಮಿ ಎಂಬ ಬಡಗಣ ಗಾಳಿ ದಿನಗಟ್ಟಲೆ ಬೀಸುತ್ತದೆ, ಜನಜಂಗುಳಿಯೂ ಹೆಚ್ಚು. ನಮಗೆ ಹೊಂದುವುದು ದಸರಾ ರಜೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ನೀರು ಇನ್ನೂ 23–24 ಡಿಗ್ರಿ ಇರುತ್ತದೆ, ಗಾಳಿ ತಗ್ಗಿರುತ್ತದೆ. ಒಂದೇ ಎಚ್ಚರಿಕೆ: ಸೆಪ್ಟೆಂಬರ್‌ನಿಂದ ಅರಮನೆ, ಮ್ಯೂಸಿಯಂಗಳ ಸಂಜೆಯ ಸಮಯವನ್ನು ಹಂತಹಂತವಾಗಿ ಕಡಿತ ಮಾಡುತ್ತಾರೆ. ಅಕ್ಟೋಬರ್ ಆರಂಭದಲ್ಲಿ ಸಂಜೆ 7ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಾದರೆ 8.40.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲೇ ಅರ್ಜಿ ತೆಗೆದುಕೊಳ್ಳುವುದಿಲ್ಲ, 15 ದಿನಕ್ಕಿಂತ ಕಡಿಮೆ ಉಳಿದಿದ್ದರೂ ಇಲ್ಲ. ದಸರಾಕ್ಕೆ ಹೋಗುವವರು ಜೂನ್–ಜುಲೈಯಲ್ಲೇ ಕೊಡುವುದು ಕ್ಷೇಮ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ವಿಮೆ ಕಡ್ಡಾಯ. ಪಾಸ್‌ಪೋರ್ಟ್‌ಗೆ ಮರಳುವ ದಿನದಿಂದ ಇನ್ನೂ 3 ತಿಂಗಳ ಆಯುಷ್ಯ, ಎರಡು ಖಾಲಿ ಪುಟ ಬೇಕು. ಅರ್ಜಿ ತಿರಸ್ಕಾರವಾಗುವುದಕ್ಕೆ ಸಾಮಾನ್ಯ ಕಾರಣಗಳಲ್ಲಿ ಎರಡು: ಕೊನೆಯ ವಾರದಲ್ಲಿ ಬ್ಯಾಂಕ್ ಖಾತೆಗೆ ದಿಢೀರ್ ಬಂದು ಬಿದ್ದ ದೊಡ್ಡ ಮೊತ್ತ, ಮತ್ತು ಹೋಟೆಲ್ ಬುಕಿಂಗಿನ ತಾರೀಕು ವಿಮಾನದ ತಾರೀಕಿನೊಂದಿಗೆ ತಾಳೆಯಾಗದಿರುವುದು. ಗ್ರೀಸಿನ ಜೊತೆ ಇಟಲಿಯನ್ನೂ ಸೇರಿಸಿದರೆ, ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು.

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಕೊಲ್ಲಿಯ ಮೂಲಕ ಹೋಗುವವರು ಟಿಕೆಟನ್ನು ಎರಡು ತುಂಡಾಗಿ ಕೊಳ್ಳಬೇಡಿ. ಬಜಪೆ–ದುಬೈ ಒಂದು ಕಂಪನಿ, ದುಬೈ–ಅಥೆನ್ಸ್ ಇನ್ನೊಂದು ಎಂದಾದರೆ ಸೂಟ್‌ಕೇಸ್ ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ಹೊರಗೆ ಬಂದು ತೆಗೆದುಕೊಂಡು ಮತ್ತೆ ಕೊಡಬೇಕು, ಹೊರಗೆ ಬರಲು ಅಲ್ಲಿನ ವೀಸಾ ಬೇಕು. ನಾಲ್ಕು ಸಾವಿರ ರೂಪಾಯಿ ಉಳಿಸಲು ಹೋಗಿ ವಿಮಾನವನ್ನೇ ಕಳೆದುಕೊಳ್ಳುವ ಲೆಕ್ಕವಿದು. ಅಥೆನ್ಸಿನಿಂದ ಹೆರಾಕ್ಲಿಯನ್‌ಗೆ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಪಿರೇಯಸ್ ಬಂದರಿನಿಂದ ರಾತ್ರಿ ಹಡಗೂ ಇದೆ, 8–9 ಗಂಟೆ. ಮಲಗುವ ಕೋಣೆ ತೆಗೆದುಕೊಂಡರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ.

ಮೊದಲು ಮ್ಯೂಸಿಯಂ, ಆಮೇಲೆ ಅರಮನೆ

ಹೆರಾಕ್ಲಿಯನ್ ಪುರಾತತ್ತ್ವ ಮ್ಯೂಸಿಯಂ ಮತ್ತು ಕ್ರೀಟಿನ ಪ್ರಾಚೀನ ಮಿನೋವನ್ ನಾಗರಿಕತೆಯ ಕ್ನೋಸೋಸ್ ಅರಮನೆ ಒಂದೇ ಕತೆಯ ಎರಡು ಅರ್ಧಗಳು. ಅರಮನೆ ಊರಿನಿಂದ 5 ಕಿ.ಮೀ. ದಕ್ಷಿಣಕ್ಕಿದೆ. ಅಲ್ಲಿ ಸಿಕ್ಕಿದ್ದರಲ್ಲಿ ಮುಖ್ಯವಾದವು ಹೆಚ್ಚಾಗಿ ಮ್ಯೂಸಿಯಂನಲ್ಲಿವೆ, ಅರಮನೆಯ ಗೋಡೆಗಳ ಮೇಲಿರುವುದು ನಕಲು ಚಿತ್ರಗಳು. ಬಹಳ ಜನ ಅರಮನೆಗೆ ಮೊದಲು ಹೋಗುತ್ತಾರೆ. ನಮ್ಮ ಸಲಹೆ ತಿರುಗುಮುರುಗು: ತಲುಪಿದ ದಿನದ ಮಧ್ಯಾಹ್ನ ಮ್ಯೂಸಿಯಂ, ಮರುದಿನ ಬೆಳಗ್ಗೆ ಅರಮನೆ. ಮ್ಯೂಸಿಯಂನಲ್ಲಿ ಮರದಲ್ಲಿ ಮಾಡಿದ ಇಡೀ ಅರಮನೆಯ ಮಾದರಿ ಇದೆ. ಅದರ ಮುಂದೆ ಹತ್ತು ನಿಮಿಷ ನಿಂತು ನಡು ಅಂಗಳ ಎಲ್ಲಿ, ಸಿಂಹಾಸನದ ಕೋಣೆ ಯಾವ ಬದಿಗೆ, ಉಗ್ರಾಣ ಎಲ್ಲಿ ಎಂದು ಕಣ್ಣಿಗೆ ಹತ್ತಿಸಿಕೊಂಡರೆ ಮರುದಿನ ಆ ಕಲ್ಲುಗಳು ಮಾತಾಡುತ್ತವೆ. ಇಲ್ಲವಾದರೆ ಅದು ಬರೀ ಮುರುಕು ಗೋಡೆ.

ಎರಡೂವರೆ ಗಂಟೆ ಇಟ್ಟುಕೊಳ್ಳಿ. ನೆಲಮಹಡಿಯ ಎಲ್ಲ ಮಡಕೆಗಳನ್ನೂ ನೋಡುತ್ತ ಹೋದರೆ ಮೇಲಿನ ಭಿತ್ತಿಚಿತ್ರಗಳ ಹೊತ್ತಿಗೆ ಕಾಲು ಸೋತಿರುತ್ತದೆ, ಮಕ್ಕಳಂತೂ ಕೂತೇಬಿಡುತ್ತಾರೆ. ಕೆಳಗೆ ನಾಲ್ಕು ವಸ್ತುಗಳನ್ನು ಗುರಿಯಾಗಿಟ್ಟುಕೊಳ್ಳಿ. 1908ರಲ್ಲಿ ಸಿಕ್ಕ ಫೈಸ್ಟೋಸ್ ತಟ್ಟೆ, ನಮ್ಮ ನೀರುದೋಸೆಗಿಂತ ಚಿಕ್ಕದು, ಅಡ್ಡಳತೆ ಸುಮಾರು 16 ಸೆಂ.ಮೀ. ಹಸಿ ಮಣ್ಣಿನ ಮೇಲೆ 45 ಬಗೆಯ ಅಚ್ಚುಗಳನ್ನು ಸುರುಳಿಯಾಗಿ ಒತ್ತಿ ಸುಟ್ಟದ್ದು. ಎರಡೂ ಮುಖ ಕಾಣುವಂತೆ ಇಟ್ಟಿದ್ದಾರೆ, ಸುತ್ತು ಹಾಕಿ ನೋಡಿ. ಅದರಲ್ಲೇನಿದೆ ಎಂದು ಯಾರಿಗೂ ಒಪ್ಪಿಗೆಯಾಗುವಂತೆ ಇನ್ನೂ ಓದಲಾಗಿಲ್ಲ. ಎರಡನೆಯದು ಕೈಯಲ್ಲಿ ಹಾವು ಹಿಡಿದ ದೇವಿಯ ಪುಟ್ಟ ಮೂರ್ತಿಗಳು. ನಾಗಬನಗಳ ನಾಡಿನವರು ಅಲ್ಲಿ ನಿಲ್ಲದೆ ಮುಂದೆ ಹೋಗುವುದು ಕಷ್ಟ. ಮೂರನೆಯದು ಎತ್ತಿನ ತಲೆಯ ಕಲ್ಲಿನ ಪಾತ್ರೆ.

ನಾಲ್ಕನೆಯದನ್ನು ಬಹಳ ಜನ ದಾಟಿಹೋಗುತ್ತಾರೆ. ಮಾಲಿಯಾದಲ್ಲಿ ಸಿಕ್ಕ ಚಿನ್ನದ ಪದಕ, ಬೆರಳಿನಷ್ಟು ಉದ್ದವೂ ಇಲ್ಲ. ಎರಡು ಜೇನುನೊಣಗಳು ಎದುರುಬದುರಾಗಿ ಬಾಗಿ ನಡುವೆ ಒಂದು ದುಂಡನೆಯ ಬಿಲ್ಲೆ ಹಿಡಿದಿವೆ. ಗಾಜಿಗೆ ಮುಖ ಹತ್ತಿರ ತನ್ನಿ: ಆ ಬಿಲ್ಲೆಯ ಮೇಲೆ ಸಾಸಿವೆಗಿಂತ ಎಷ್ಟೋ ಚಿಕ್ಕ ಚಿನ್ನದ ಗುಂಡುಗಳನ್ನು ಒಂದೊಂದಾಗಿ ಕೂರಿಸಿ ಬೆಸೆದಿದ್ದಾರೆ. ಸುಮಾರು 3,700 ವರ್ಷ ಹಿಂದಿನ ಕೆಲಸ. ಉಡುಪಿಯ ರಥಬೀದಿಯ ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವರಿಗೆ ಆ ಬೆಸುಗೆಯ ಬೆಲೆ ಹೇಳಿಕೊಡಬೇಕಿಲ್ಲ.

ಮೇಲಿನ ಮಹಡಿಯ, ಗೂಳಿಯ ಮೇಲಿಂದ ಮನುಷ್ಯರು ಹಾರುವ ಚಿತ್ರದ ಮುಂದೆ ನಿಂತು ಯಾವ ಭಾಗ ಹಳೆಯದು, ಯಾವುದು ಹೊಸ ತೇಪೆ ಎಂದು ಹುಡುಕಿ. ಬಿರುಕು, ಒರಟು ಇರುವ ಚೂರುಗಳು ಮೂಲ. ನಯವಾದ ಜಾಗವೆಲ್ಲ ಇಪ್ಪತ್ತನೇ ಶತಮಾನದ ಊಹೆ. ‘ಲಿಲ್ಲಿ ಹೂವಿನ ರಾಜಕುಮಾರ’ ಎಂಬ ಇನ್ನೊಂದು ಭಿತ್ತಿಚಿತ್ರವಂತೂ ಬೇರೆ ಬೇರೆ ಆಕೃತಿಗಳ ಚೂರುಗಳನ್ನು ಸೇರಿಸಿ ಮಾಡಿದ್ದೆಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬಹುದು. ವಾರದಲ್ಲಿ ಒಂದು ದಿನ ಮುಚ್ಚುವ, ಅಥವಾ ಒಂದು ದಿನ ಮಧ್ಯಾಹ್ನವೇ ತೆರೆಯುವ ಪದ್ಧತಿ ಗ್ರೀಸಿನ ಮ್ಯೂಸಿಯಂಗಳಲ್ಲಿದೆ. ಮಂಗಳವಾರ, ಬುಧವಾರದ ಸಮಯವನ್ನು ಮುಂಚಿತವಾಗಿ ನೋಡಿಕೊಳ್ಳಿ.

ಕ್ನೋಸೋಸ್‌ಗೆ ಊರಿನಿಂದ 2 ನಂಬರಿನ ಬಸ್ಸು, ಅರ್ಧ ಗಂಟೆಯೊಳಗೆ ತಲುಪುತ್ತದೆ. ಟಿಕೆಟ್ ಗೂಡಂಗಡಿಯಲ್ಲಿ ಕೊಂಡರೆ ಬಸ್ಸಿನೊಳಗಿನದಕ್ಕಿಂತ ಅಗ್ಗ. ಅರಮನೆಯ ಟಿಕೆಟನ್ನು ಸರಕಾರದ ಜಾಲತಾಣದಲ್ಲಿ ಸಮಯ ಗೊತ್ತುಮಾಡಿ ಮೊದಲೇ ಕೊಂಡು, ಬೆಳಗ್ಗೆ 8ಕ್ಕೆ ಬಾಗಿಲಲ್ಲಿರಿ. ಒಳಗೆ ಹೋದವರು ಫಲಕಗಳನ್ನು ಓದುತ್ತ ನಿಲ್ಲದೆ ನೇರ ಸಿಂಹಾಸನದ ಕೋಣೆಗೆ ನಡೆಯಿರಿ. ಹಡಗಿನ ಪ್ರವಾಸಿಗರ ಬಸ್ಸುಗಳು ಬಂದ ಮೇಲೆ ಅಲ್ಲಿ ಅರ್ಧ, ಮುಕ್ಕಾಲು ಗಂಟೆಯ ಸಾಲು ಬೆಳೆಯುತ್ತದೆ. ಕೆಂಪು ಕಂಬಗಳನ್ನು ಗಮನಿಸಿ: ಮೇಲೆ ದಪ್ಪ, ಕೆಳಗೆ ಸಪುರ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿದ ಕಣ್ಣಿಗೆ ಅವು ತಲೆಕೆಳಗೆ ಕಾಣುತ್ತವೆ. ಮೂಲದಲ್ಲಿ ಮರದ ಕಂಬಗಳಿದ್ದವು. 1900ರಿಂದ ಅಗೆತ ನಡೆಸಿದ ಆರ್ಥರ್ ಇವಾನ್ಸ್, ಮರ ಲಡ್ಡಾಗುತ್ತದೆಂದು ಮುಂದೆ ಕಾಂಕ್ರೀಟಿನಲ್ಲಿ ಎಬ್ಬಿಸಿ ಬಣ್ಣ ಬಳಿಸಿದ. ಇದು ಸರಿಯೋ ತಪ್ಪೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಬಿಸಿಗಾಳಿಯ ದಿನಗಳಲ್ಲಿ ಇಂಥ ಬಯಲು ಸ್ಥಳಗಳನ್ನು ನಡುಹಗಲಿಗೆ ಮುಚ್ಚಿಬಿಡುತ್ತಾರೆ. ಬೆಳಗ್ಗೆಯೇ ಹೋಗಲು ಇದೂ ಒಂದು ಕಾರಣ.

ಅಲ್ಲಿನ ಬೇಸಗೆ ಗಡಿಯಾರದಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸುಮಾರು 1.20ಕ್ಕೆ. ಹಾಗಾಗಿ 11.30ರಿಂದ 4.30ರವರೆಗೆ ಸೂರಿನಡಿ ಇರಬೇಕು: ಮ್ಯೂಸಿಯಂ, ಊಟ, ನಿದ್ದೆ. 4.30ರ ಮೇಲೆ ಕಡಲು.

ಕಡಲಿಗೆ ಇಳಿಯುವ ಮೊದಲು

ಅಲ್ಲಿ ಉಬ್ಬರ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ನೀರು ನಮ್ಮದಕ್ಕಿಂತ ಉಪ್ಪು, ಲೀಟರಿಗೆ ಸುಮಾರು 39 ಗ್ರಾಂ. ಮೈ ಸಲೀಸಾಗಿ ತೇಲುತ್ತದೆ, ಕಣ್ಣು ಉರಿಯುತ್ತದೆ. ನೀರು ತಿಳಿಯಾಗಿರುವುದೇ ಮೋಸ: ಎರಡಾಳು ಆಳವೂ ಸೊಂಟದ ಮಟ್ಟದಂತೆ ಕಾಣುತ್ತದೆ. ಈಜು ಬಾರದವರು ಕಾಲಿಗೆ ನೆಲ ಸಿಕ್ಕುವುದನ್ನು ಹೆಜ್ಜೆಹೆಜ್ಜೆಗೂ ನೋಡಿಕೊಂಡೇ ಹೋಗಬೇಕು.

ಬೆಳಗ್ಗೆ ಹೋಟೆಲಿನಲ್ಲಿ ಗಾಳಿಯ ಮುನ್ಸೂಚನೆ ಕೇಳಿ. ಅಲ್ಲಿನವರು ಅದನ್ನು ಗಾಳಿಯ ಬಲ ಅಳೆಯುವ ಬೋಫರ್ಟ್ ಅಂಕಿಯಲ್ಲಿ ಹೇಳುತ್ತಾರೆ. 3–4 ಇದ್ದರೆ ಚಿಂತೆಯಿಲ್ಲ. 5 ಎಂದರೆ ಬಡಗಣ ತೀರದಲ್ಲಿ ತೆರೆ ಏಳುತ್ತದೆ, 6 ಆದರೆ ಈಜಬೇಡಿ. ಬಡಗಣ ಗಾಳಿಗೆ ಹೆರಾಕ್ಲಿಯನ್, ರೆಥಿಮ್ನೊ ಕಡೆಯ ತೆರೆದ ತೀರಗಳಲ್ಲಿ ನಮ್ಮಲ್ಲಿರುವಂಥದ್ದೇ ಸೆಳೆತ ಹುಟ್ಟುತ್ತದೆ. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಿ ಬಳಲಬೇಡಿ, ತೀರಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಬನ್ನಿ. ಕೆಂಪು ಬಾವುಟ ಇದ್ದ ಕಡೆ ನೀರಿಗಿಳಿಯಲೇಬೇಡಿ.

ತೆಂಗಿನೆಣ್ಣೆ ಹಚ್ಚಿದರೆ ಸಾಕೆನ್ನುವ ನಂಬಿಕೆ ಬಿಡಿ. ಅಲ್ಲಿ ಒಣಗಾಳಿಗೆ ಬೆವರೇ ಕಾಣುವುದಿಲ್ಲ, ಸುಟ್ಟದ್ದು ರಾತ್ರಿಯೇ ಗೊತ್ತಾಗುವುದು. ಎಸ್‌ಪಿಎಫ್ 30ರಿಂದ 50ರ ಕ್ರೀಮು ಒಬ್ಬರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಬೇಕು, 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಂದರೆ 200 ಮಿ.ಲೀ. ಬಾಟಲಿ ಆರೇಳು ಸಲಕ್ಕೆ ಮುಗಿಯುತ್ತದೆ. ಒಂದು ಬಾಟಲಿ ಇಡೀ ಕುಟುಂಬಕ್ಕೆ ವಾರ ಬಂತೆಂದರೆ ಯಾರೂ ಸರಿಯಾಗಿ ಹಚ್ಚಿಲ್ಲ ಎಂದೇ ಅರ್ಥ. ಒರೆಸಿಕೊಳ್ಳಲು ದಪ್ಪ ಟವೆಲ್ ಬೇಡ, ನಮ್ಮ ಬೈರಾಸೇ ವಾಸಿ; ಆ ಗಾಳಿಗೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಹತ್ತಿಯ ಚೂಡಿದಾರದಲ್ಲೇ ನೀರಿಗಿಳಿದರೆ ಒದ್ದೆ ಬಟ್ಟೆಗೆ ಗಾಳಿ ಬಡಿದು ಚಳಿ ಹಿಡಿಯುತ್ತದೆ. ಬೇಗ ಒಣಗುವ ಉದ್ದ ತೋಳಿನ ಈಜುಡುಗೆ ತನ್ನಿ.

ಹಲವು ತೀರಗಳಲ್ಲಿ ಹೊಯ್ಗೆಯ ಬದಲು ಗುಂಡುಕಲ್ಲು. ರಬ್ಬರ್ ಅಡಿಯ ನೀರಿನ ಬೂಟು ಬೇಕೇಬೇಕು. ಬಂಡೆಗಳ ಸಂದಿಯಲ್ಲಿ ಕಪ್ಪು ಮುಳ್ಳಿನ ಕಡಲುಂಡೆಗಳು (ಸೀ ಅರ್ಚಿನ್ ಎಂಬ ಜೀವಿ) ಇರುತ್ತವೆ. ಮುಳ್ಳು ಹೊಕ್ಕರೆ ಒತ್ತಿ ಮುರಿಯಬೇಡಿ, ಬಿಸಿನೀರಿನಲ್ಲಿ ಕಾಲಿಟ್ಟು ಚಿಮಟದಿಂದ ನೇರವಾಗಿ ಎಳೆಯಿರಿ. ಕುರ್ಚಿ–ಕೊಡೆಗೆ ಬಾಡಿಗೆ ಕೊಡಲೇಬೇಕೆಂದೇನಿಲ್ಲ. ಗ್ರೀಸಿನಲ್ಲಿ ಕಡಲ ದಡ ಸಾರ್ವಜನಿಕರದು, ಖಾಲಿ ಜಾಗದಲ್ಲಿ ನಿಮ್ಮ ಬೈರಾಸು ಹಾಸಿ ಕೂರಬಹುದು.

ಹನ್ಯಾದಿಂದ ಎಲಫೊನಿಸಿ ತೀರ ಸುಮಾರು 75 ಕಿ.ಮೀ., ಆಗುಂಬೆ ಘಾಟಿ ನೆನಪಾಗುವ ರಸ್ತೆ, ಒಂದೂವರೆ ಗಂಟೆ. ಹೊಯ್ಗೆಯ ನಸುಗೆಂಪು ಸೂಕ್ಷ್ಮಜೀವಿಗಳ ಚಿಪ್ಪಿನ ಪುಡಿಯಿಂದ ಬಂದದ್ದು. ಒಂದು ಮುಷ್ಟಿಯನ್ನೂ ತರಬೇಡಿ, ಅದು ಸಂರಕ್ಷಿತ ಜಾಗ. ಬಾಲೋಸ್ ತೀರಕ್ಕೆ ಕಿಸ್ಸಾಮೋಸ್ ಬಂದರಿನಿಂದ ದೋಣಿ ಇದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ದೋಣಿ ಮಳೆಗಾಲಕ್ಕೆ ನಿಲ್ಲುವಂತೆ ಇದು ಗಾಳಿಯ ದಿನ ನಿಲ್ಲುತ್ತದೆ, ಆದ್ದರಿಂದ ಕೊನೆಯ ದಿನಕ್ಕೆ ಇಡಬೇಡಿ. ಕಾರಿನಲ್ಲಿ ಹೋಗುವವರು ಬಾಡಿಗೆ ಕರಾರು ಓದಿಕೊಳ್ಳಿ: ಬಾಲೋಸ್‌ನ ಮಣ್ಣು ರಸ್ತೆಯಲ್ಲಿ ಟಯರು ಒಡೆದರೆ, ಅಡಿಭಾಗ ತಾಗಿದರೆ ವಿಮೆ ಬಹುತೇಕ ಸಿಗುವುದಿಲ್ಲ. ಕಾರು ಓಡಿಸಲು ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ, ಜೊತೆಗೆ ನಮ್ಮ ಮೂಲ ಲೈಸೆನ್ಸ್ ಎರಡೂ ಇರಲಿ. ಅಲ್ಲಿ ಬಲಬದಿಯ ಸಂಚಾರ. ತಪ್ಪಾಗುವುದು ಹೆದ್ದಾರಿಯಲ್ಲಲ್ಲ, ಪೆಟ್ರೋಲ್ ಪಂಪಿನಿಂದ ಖಾಲಿ ರಸ್ತೆಗೆ ಇಳಿಯುವಾಗ. ಪಕ್ಕದಲ್ಲಿ ಕೂತವರು ಪ್ರತಿ ಸಲವೂ ‘ಬಲಕ್ಕೆ’ ಎನ್ನಲಿ.

ರೆಥಿಮ್ನೊ ತೀರದಲ್ಲಿ ಹೊಯ್ಗೆಯ ಮೇಲೆ ಕಬ್ಬಿಣದ ಚಿಕ್ಕ ಪಂಜರಗಳು ಕಂಡರೆ ಅದು ಕಡಲಾಮೆಯ ಗೂಡು. ನಮ್ಮ ಕೋಡಿ, ಸಸಿಹಿತ್ಲಿನಲ್ಲಿ ಬೇಲಿ ಕಟ್ಟುವ ಹಾಗೆಯೇ. ಹತ್ತಿರದಲ್ಲಿ ಕೊಡೆ ನೆಡಬೇಡಿ, ಮಕ್ಕಳು ತೋಡಿದ ಹೊಂಡಗಳನ್ನು ಹೊರಡುವ ಮೊದಲು ಮುಚ್ಚಿ, ಕತ್ತಲಾದ ಮೇಲೆ ಟಾರ್ಚ್ ಹಾಕಬೇಡಿ. ಮರಿಗಳು ಬೆಳಕು ಕಂಡ ಕಡೆಗೆ ನಡೆಯುತ್ತವೆ, ಕಡಲ ಕಡೆಗಲ್ಲ.